ಜಟಗನ ಮಾವಿಗೆ ಬಿಗಿದ ಹಗ್ಗ

ಯಾರ ಅಂಗಳಕ್ಕೆ ಕಾಲಿಟ್ಟರೂ ನಾನು ಮೊದಲು ಮೇಲೆ ನೋಡುತ್ತೇನೆ, ಆಮೇಲೆ ಮನುಷ್ಯರನ್ನು. ಇದು ಜನರಿಗೆ ಹಿಡಿಸುವುದಿಲ್ಲ. ಮಳೆಗಾಲದ ಮೊದಲು ಮರ ಕಡಿಯುವವನನ್ನು ಎಲ್ಲರೂ ಕರೆಯುತ್ತಾರೆ. ಮರ ಉಳಿಸಿಕೊಡುತ್ತೇನೆ ಎಂದು ತಾನಾಗಿ ಬಾಗಿಲಿಗೆ ಬಂದವನನ್ನು ಕಂಡರೆ, ಏನೋ ಕೆಟ್ಟ ಸುದ್ದಿ ತಂದಿದ್ದಾನೆ ಎನ್ನುವ ಮುಖ ಮಾಡುತ್ತಾರೆ. ಅವರ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಚಿತ್ತಾಕುಲದಲ್ಲಿ ಹದಿನೈದು ವರ್ಷ ತೆಂಗು ಹತ್ತಿ, ಮರ ಕಡಿದು ಬದುಕಿದವನು ನಾನು. ಕಡಿದು ಕಡಿದು ಬೇಜಾರು ಬಂದಿತ್ತು. ಸೀಳುವ ಮರಕ್ಕೆ ಆಸರೆ ಕೊಡುವುದನ್ನು ಕಾರವಾರದಲ್ಲಿ ಮೂರು ದಿನ ಕಲಿಸುತ್ತಾರೆಂದು ಕೇಳಿ ಹೋದೆ. ಒಂದೇ ಬುಡದಿಂದ ಎರಡು ಕಾಂಡ ಎದ್ದು, ಕವಲಿನಲ್ಲಿ ತೊಗಟೆ ಒಳಕ್ಕೆ ಮಡಚಿಕೊಂಡಿದ್ದರೆ ಆ ಮರ ಒಂದು ದಿನ ಸೀಳುತ್ತದೆ. ಕವಲಿನಿಂದ ಸಾಕಷ್ಟು ಮೇಲೆ ಹೋಗಿ, ಎರಡೂ ಕಾಂಡಕ್ಕೆ ತೂತು ಕೊರೆದು ಬೋಲ್ಟ್ ಹಾಕಿ, ನಡುವೆ ಉಕ್ಕಿನ ತಂತಿಹಗ್ಗ ಎಳೆಯಬೇಕು. ಕಲಿಸಿದ ಮೇಷ್ಟ್ರು ಒಂದೇ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿದರು: ಕಾಂಡದ ಸುತ್ತ ಯಾವತ್ತೂ ಹಗ್ಗ ಬಿಗಿಯಬೇಡಿ, ಮರ ದಪ್ಪವಾಗುತ್ತದೆ, ಹಗ್ಗ ಆಗುವುದಿಲ್ಲ. ನಾನು ತಲೆಯಾಡಿಸಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ ಕೂಡ.

ಕಲಿತದ್ದೇನೋ ಆಯಿತು, ಗಿರಾಕಿ ಎಲ್ಲಿ? ಇಡೀ ಏಪ್ರಿಲ್ ಸ್ಕೂಟರಿನಲ್ಲಿ ಅಂಕೋಲೆಯವರೆಗೆ ಅಲೆದೆ. "ಬೀಳೂ ಮರ ಆದ್ರೆ ಕಡ್ದು ಹಾಕು, ಕಟ್ಟೂದು ಎಂತಕೆ?" ಎನ್ನುವುದೇ ಎಲ್ಲ ಕಡೆ ಉತ್ತರ.

ಕೊನೆಗೆ ಅವರ್ಸಾದಲ್ಲಿ ಒಬ್ಬ ಅಕ್ಕ ಒಳಗೆ ಕರೆದರು. ಅವರ ಹೆಂಚಿನ ಮನೆಯ ಅರ್ಧ ಚಾವಣಿಯನ್ನು ಮುಚ್ಚುವಷ್ಟು ದೊಡ್ಡ ಕರಿ ಈಶಾಡ ಮಾವು. ಅದರ ಕವಲಿನಲ್ಲಿ ತೊಗಟೆ ಪೂರ್ತಿ ಒಳಕ್ಕೆ ಮಡಚಿಕೊಂಡಿತ್ತು. ಕಡಿಯುವಂತಿರಲಿಲ್ಲ, ಬುಡದಲ್ಲಿ ಜಟಗನ ಕಲ್ಲಿತ್ತು. ಆ ಮನೆಯವರು ವರ್ಷಕ್ಕೊಮ್ಮೆ ಕೋಳಿ ಕೊಡುವ ದೇವರು. ನಾನು ಡ್ರಿಲ್ ಹೊರಗೆ ತೆಗೆದದ್ದೇ ತಡ, ಅಕ್ಕ ಅಡ್ಡ ಬಂದು ನಿಂತರು.

"ತಮಾ, ಜಟಗನ ಮರಕ್ಕೆ ಕಬ್ಬಿಣ ಹೊಡೂಕೆ ಆಗೂದಿಲ್ಲ. ಬೇರೆ ಎಂತಾರೂ ಇದ್ರೆ ಮಾಡು, ಇಲ್ದಿದ್ರೆ ಬ್ಯಾಡ."

ನಾನೂ ಇದೇ ಕಡೆಯವನು, ಜಟಗನ ಹೆದರಿಕೆ ನನಗೂ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ, ಸಿಕ್ಕ ಮೊದಲ ಗಿರಾಕಿ ಕೈ ತಪ್ಪೀತೆಂಬುದು. "ಇರ್ಲಿ ಅಕ್ಕಾ, ಹಗ್ಗದಲ್ಲೇ ಕಟ್ತೆ" ಎಂದೆ. ಬಂದರಿಗೆ ಹೋಗಿ ಟ್ರಾಲರ್ ದೋಣಿಯವರು ಬಿಸಾಡಿದ ದಪ್ಪ ನೈಲಾನ್ ಹಗ್ಗ ತಂದು, ಎರಡೂ ಕಾಂಡಕ್ಕೆ ಸುತ್ತಿ ಬಿಗಿದೆ. ವರ್ಷಕ್ಕೊಮ್ಮೆ ಬಂದು ಸಡಿಲಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕೆಳಗಿಳಿದು, "ಇನ್ನು ಹೆದ್ರದೇ ಮಲ್ಗಿ ಅಕ್ಕಾ" ಎಂದೆ. ಆ ಮಾತು ಆಡುವಾಗ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ.

ಆ ಮಳೆಗಾಲದ ಗಾಳಿಗೆ ಆಚೀಚೆ ಮೂರು ಮರ ಮಗುಚಿದವು, ಅಕ್ಕನ ಮಾವು ನಿಂತಿತು. ಅಲ್ಲಿಂದ ಗಿರಾಕಿಗಳೇ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಅವರಿಗೆಲ್ಲ ಬೇಕಾದದ್ದು ಒಂದೇ: "ಅಕ್ಕನ ಮನೇಲಿ ಕಟ್ಟಿದಂಗೇ ಕಟ್ಟು, ತೂತು ಗೀತು ಬ್ಯಾಡ." ಜಟಗನಿಲ್ಲದ ಮರಗಳಿಗೂ ಹಗ್ಗವೇ. ಮೂರು ವರ್ಷದಲ್ಲಿ ಅವರ್ಸಾದಿಂದ ಹಟ್ಟಿಕೇರಿಯವರೆಗೆ ಹನ್ನೊಂದು ಮನೆ. ಹೊಸ ಕೆಲಸದ ಗಡಿಬಿಡಿಯಲ್ಲಿ ಹಳೆಯ ಮರಗಳ ಕಡೆ ತಲೆಹಾಕಲೇ ಇಲ್ಲ.

ಈ ಮೇ ತಿಂಗಳಲ್ಲಿ ಅಕ್ಕ ಫೋನ್ ಮಾಡಿ, ಮಾವಿನ ಒಂದು ಕಡೆ ಎಲೆ ಸಣ್ಣದಾಗಿದೆ, ಕಾಯಿ ಕಚ್ಚಿಲ್ಲ ಎಂದರು. ಆ ಕಡೆಯ ಕಾಂಡ ಹತ್ತಿ ನೋಡಿದರೆ ಹಗ್ಗ ಕಾಣಲಿಲ್ಲ. ಬಿಚ್ಚಿಹೋಗಿರಬೇಕು ಎಂದು ಕೈಯಾಡಿಸಿದೆ. ಅದು ತೊಗಟೆಯ ಒಳಗೆ ಹೂತುಹೋಗಿತ್ತು. ಮೇಲೆ ಕಾಂಡ ಉಬ್ಬಿತ್ತು, ಕೆಳಗೆ ಸಣಕಲಾಗಿತ್ತು. ಬೆರಳಿನಿಂದ ಒತ್ತಿದಲ್ಲಿ ಕಪ್ಪು ನೀರು ಒಸರಿತು. ಕೆಳಗೆ ನೋಡಿದೆ. ಸರಿಯಾಗಿ ಆ ಕಾಂಡದ ಅಡಿಗೆ ಹೊಸದೊಂದು ಶೀಟಿನ ಕೋಣೆ, ಮಗ ಸೊಸೆ ಮಲಗಲೆಂದು ಕಟ್ಟಿಸಿದ್ದು.

"ನೀ ಗಟ್ಟಿ ಕಟ್ಟಿದ್ದೆ ಅಲಾ, ಅದ್ಕೇ ಅಲ್ಲೇ ಹಾಕ್ಸದ್ದು" ಎಂದರು ಅಕ್ಕ.

ನನ್ನ ಮೇಲೆ ನನಗೇ ಅಸಹ್ಯ ಬಂತು. ನನ್ನ ಹಗ್ಗವೇ ಕಾಂಡವನ್ನು ಕೊರೆದಿದೆ, ಅದು ಅಲ್ಲೇ ಮುರಿದು ಕೋಣೆಯ ಮೇಲೆ ಬೀಳಬಹುದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕ ಆ ಕೋಣೆಯ ಹಾಸಿಗೆಯನ್ನು ಮನೆಯೊಳಗೆ ತರಲು ಸೊಸೆಗೆ ಹೇಳಿ, "ನೀ ಮಾಡಿದ್ದನ್ನ ಜಟಗಂಗೂ ಹೇಳು" ಎಂದು ನನ್ನ ಕೈಗೆ ತೆಂಗಿನಕಾಯಿ ಕೊಟ್ಟರು. ಕಾಯಿ ಒಡೆದು ತಪ್ಪು ಕೇಳಿಕೊಂಡ ಮೇಲೆಯೇ ಗರಗಸ ಮುಟ್ಟಲು ಬಿಟ್ಟದ್ದು. ಆ ಕಾಂಡವನ್ನು ತುಂಡು ತುಂಡಾಗಿ ಇಳಿಸಿ ಮುಗಿಸುವಾಗ ಅಕ್ಕ ಕೇಳಿದರು, "ಉಳ್ದ ಹತ್ತು ಮನೆಗೆ ಹೇಳಿದ್ಯಾ?"

ಹೇಳುತ್ತಾ ಹೊರಟೆ. ಒಂಬತ್ತು ಮನೆಯವರು ಮುಖ ಸಿಂಡರಿಸಿದರೂ ಹತ್ತಲು ಬಿಟ್ಟರು. ಕೆಲವು ಮರಕ್ಕೆ ಕಲಿತ ಹಾಗೆ ಬೋಲ್ಟ್ ಹಾಕಿದೆ, ಕೆಲವನ್ನು ಇಳಿಸಿದೆ. ಹತ್ತನೆಯದು ಹಟ್ಟಿಕೇರಿಯ ಒಂದು ಹಲಸು. ಅದರ ಅರ್ಧ ಬೋಳಾದದ್ದು ರಸ್ತೆಯಿಂದಲೇ ಕಾಣುತ್ತಿತ್ತು. ಮನೆಯ ಯಜಮಾನರು ನನ್ನನ್ನು ಗೇಟಿನಲ್ಲೇ ನಿಲ್ಲಿಸಿದರು.

"ಕಟ್ಟೂಕೆ ಬಂದಾಗ ನೀ ಎಂತದೂ ಆಗೂದಿಲ್ಲ ಅಂದೆ. ಈಗ ನೀನೇ ಬೀಳ್ತದೆ ಅಂತೆ. ಕೆಲಸ ಹಿಡೂಕೆ ನೀ ಮನೆ ಮನೆ ಹೆದ್ರಸ್ಕಂಡು ತಿರುಗ್ತಿದ್ದೆ ಅಂತ ಕೇಳಿದ್ದೆ, ನಂಬಿರ್ಲಿಲ್ಲ."

ಒಂದು ರೂಪಾಯಿ ಬೇಡ, ಸುಮ್ಮನೆ ಮಾಡಿಕೊಡುತ್ತೇನೆ ಎಂದೆ. ಅವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಹಲಸಿನ ಕೆಳಗಿನ ಜಗುಲಿಯಲ್ಲಿ ಅವರ ಮೊಮ್ಮಗಳ ತೊಟ್ಟಿಲು ತೂಗುತ್ತಿತ್ತು. "ತೊಟ್ಲಾರೂ ಆಚೆ ಬದಿಗೆ ಕಟ್ಟಿ" ಎಂದು ಕೈ ಮುಗಿದೆ. ಅವರು ಗೇಟು ಹಾಕಿಕೊಂಡು ಒಳಗೆ ಹೋದರು.

ಆಮೇಲೂ ಎರಡು ಸಲ ಹೋಗಿ ಬಂದೆ, ಗೇಟು ತೆರೆಯಲಿಲ್ಲ. ನಿನ್ನೆ ಸಂಜೆಯಿಂದ ಕಡಲಿನ ಕಡೆಯ ಗಾಳಿ ಎದ್ದಿದೆ. ಬೆಳಿಗ್ಗೆಯಿಂದ ಅವರಿಗೆ ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ನನ್ನ ನಂಬರು ನೋಡಿ ಸಿಟ್ಟಿನಿಂದ ಎತ್ತುತ್ತಿಲ್ಲ ಎಂದುಕೊಂಡು ಹಟ್ಟಿಕೇರಿಗೆ ಹೊರಟಿದ್ದೇನೆ. ಸಿಟ್ಟೇ ಆಗಿರಲಿ, ದೇವರೇ.