ಗುಬ್ಬಿ ಬಾಗಿಲು ತೆಗೆಯುವ ಪುಟ

ಹಸಿ ಮಣ್ಣಿನ ವಾಸನೆ ಎಲ್ಲರಿಗೂ ಹಿತ. ನನಗೆ ಮಾತ್ರ ಅದು ಮಧ್ಯಾಹ್ನದ ಮೂರು ಗಂಟೆ ಹತ್ತು ನಿಮಿಷ. ಮೊನ್ನೆ ಶಿರಹಟ್ಟಿಯ ಬಸ್ಸಿನಲ್ಲಿ ಕಿಟಕಿಯಿಂದ ಅದೇ ವಾಸನೆ ಬಂತು. ಸೀಟು ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಂತೆ…

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಪದವಿ ಮುಗಿಸಿ ಲಕ್ಷ್ಮೇಶ್ವರದ ಮನೆಯಲ್ಲಿದ್ದೆ. ನಮ್ಮ ಓಣಿಯಲ್ಲಿ ನಿವೃತ್ತ ಚಿತ್ರಕಲಾ ಮಾಸ್ತರರೊಬ್ಬರಿದ್ದರು. ಕಾಗೆ-ಗುಬ್ಬಿಯ ಹಳೆಯ ಕಥೆಯನ್ನು ಇಬ್ಬರೂ ಸೇರಿ ಚಿತ್ರಪುಸ್ತಕ ಮಾಡುತ್ತಿದ್ದೆವು. ಮಾತು ನನ್ನದು, ಚಿತ್ರ ಅವರದು. ಮಳೆಗೆ ಮನೆ ಕಳೆದುಕೊಂಡ ಕಾಗೆ ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. ಕೂಸಿಗೆ ನೀರು ಹಾಕುತ್ತಿದ್ದೇನೆ, ತಡಿ ಎನ್ನುತ್ತದೆ ಗುಬ್ಬಿ. ಮತ್ತೆ ಬಡಿದರೆ, ತೊಟ್ಟಿಲು ತೂಗುತ್ತಿದ್ದೇನೆ, ತಡಿ. ಮಾಸ್ತರರು ಕಾಗೆಗೆ ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ, ಗುಬ್ಬಿಗೆ ಕಲ್ಲಿನ ಮನೆ ಬರೆದಿದ್ದರು. ನಮ್ಮ ಜಗಳವೆಲ್ಲ ಬಾಗಿಲಿನ ಪುಟದ್ದು.

“ಮೊದಲ್ನೇ ಸಲಾ ಬಡದಾಗನ ತಗೀಲಿ ಬಿಡೋ ತಮ್ಮಾ. ಸಣ್ಣ ಹುಡುಗ್ರು ಓದೂದು.”

“ಹಂಗ ಮಾಡಿದ್ರ ಕಥಿನ ಉಳಿಯಂಗಿಲ್ರಿ ಸರ.”

“ಬಿ.ಎ. ಓದಿದಾಂವ ನೀ. ನಿನ್ನ ಮುಂದ ನಾ ಏನ್ ಹೇಳ್ಲಿ!”

ಆ ಮಳೆಗಾಲದ ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಇದೇ ವಾದ ನಡೆದಿತ್ತು. ನಾಲ್ಕು ದಿನದಿಂದ ಜಡಿಮಳೆ. ಹೊರಡೋಣವೆಂದು ಗಡಿಯಾರ ನೋಡಿದೆ. ಅಷ್ಟರಲ್ಲಿ ತಲೆಯ ಮೇಲಿನ ಮಣ್ಣಿನ ಮಾಳಿಗೆ ಕುಸಿಯಿತು. ತೊಲೆಯೊಂದು ಮಾಸ್ತರರ ಸೊಂಟದ ಮೇಲೆ ಬಿತ್ತು. ಮಣ್ಣು ಬಾಗಿಲಿಗೆ ಒತ್ತಿ ನಿಂತಿತು. ಮೊಣಕಾಲವರೆಗೆ ಹೂತಿದ್ದ ನಾನು ಕೈಗೆಟುಕಿದ ಬಾಗಿಲನ್ನು ಬಡಿಯತೊಡಗಿದೆ.

“ಗ್ವಾಡಿ ಬಾಯಿ ಬಿಟ್ಟೈತಿ, ಈಗ ನೂಕಿದ್ರ ನಿಮ್ಮ ಮ್ಯಾಲೇ ಬೀಳತೈತಿ. ತಡೀರಿ!” ಹೊರಗಿನಿಂದ ಮನೆ ಕಟ್ಟುವ ಗೌಂಡಿಯೊಬ್ಬ ಕೂಗಿದ.

ಮತ್ತೆ ಬಡಿದೆ.

“ಆಸರಾ ಕೊಡಾಕತ್ತೀವ್ರಿ, ತಡೀರಿ!”

ಅವನು ಹೇಳಿದ್ದು ಸರಿಯೇ ಇತ್ತು. ಈಗ ಗೊತ್ತಾಗುತ್ತದೆ. ಆಗ…

ಕತ್ತಲಲ್ಲಿ ಮಾಸ್ತರರು ನಕ್ಕರು. “ಗುಬ್ಬವ್ವ ಕೂಸಿಗೆ ನೀರ ಹಾಕಾಕತ್ತಾಳ.”

ನನಗೆ ಅಳು ಬಂತು. ಎಷ್ಟೋ ಹೊತ್ತಿನ ಮೇಲೆ ಅವರ ದನಿ ಕೇಳಿತು. ಮೊದಲಿಗಿಂತ ತೀರ ಸಣ್ಣದಾಗಿತ್ತು.

“ನೀ ಬರದಂಗ ಇರ್ಲಿ ತಮ್ಮಾ. ಆ ಪುಟ ಬದ್ಲಿ ಮಾಡಬ್ಯಾಡ. ಬಾಗ್ಲಾ ತಡಾ ಮಾಡೇ ತಗೀತಾರ. ಹುಡುಗ್ರಿಗೂ ಗೊತ್ತಿರ್ಲಿ.”

ಬಾಗಿಲು ತೆರೆದಾಗ ಐದು ದಾಟಿತ್ತು. ಗದಗಿನ ಆಸ್ಪತ್ರೆ ಮುಟ್ಟುವ ಮೊದಲೇ ಅವರು ತೀರಿಕೊಂಡರು.

ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅವರ ಕಡೆಯ ಮಾತನ್ನು ನಡೆಸಿಕೊಡಲು ನನ್ನಿಂದಾಗಲಿಲ್ಲ. ‘ತಡಿ’ ಎನ್ನುವ ಎರಡೂ ಪುಟ ತೆಗೆದುಹಾಕಿದೆ. ಕಾಗೆ ಒಮ್ಮೆ ಬಡಿಯಿತು, ಗುಬ್ಬಿ ತೆಗೆಯಿತು ಎಂದು ಬರೆದೆ. ಅದಕ್ಕೆ ಚಿತ್ರವಿಲ್ಲ. ಬರೆಯಬೇಕಾದವರೇ ಇರಲಿಲ್ಲ.

ಆ ಸಾಲು ಬರೆದದ್ದು ಅವರು ಹೋದ ಏಳನೆಯ ತಿಂಗಳು, ಒಂದು ಸೋಮವಾರ. ಅಂದು ಮೊದಲ ಸಲ ಬೆಳಗಿನವರೆಗೆ ನಿದ್ದೆ ಬಂತು. ಎದ್ದವನೇ, “ನೀವು ಗೆದ್ರಿ ಸರ” ಎಂದು ಹೇಳಿ ಬರಲು ಚಪ್ಪಲಿ ಮೆಟ್ಟಿ ಹೊರಟೆ. ಓಣಿಯ ತಿರುವಿನವರೆಗೂ ಹೋಗಿದ್ದೆ…