ನಾನು ನಿಂತೇ ಇದ್ದೆನಲ್ಲ

ಬಸ್‌ಗುಲ್ ಹುಟ್ಟುವ ಹೊತ್ತಿಗೆ ಅವಳಪ್ಪನಿಗೆ ಆಗಲೇ ನಾಲ್ಕು ಹೆಣ್ಣುಮಕ್ಕಳು. ‘ಹೂವು ಇನ್ನು ಸಾಕು’ ಎಂದು ಅರ್ಥ ಬರುವ ಆ ಹೆಸರನ್ನು ಅಜ್ಜಿಯೇ ಇಟ್ಟಳು. ಕಾಬೂಲಿನ ನಮ್ಮ ದಶ್ತ್-ಎ-ಬರ್ಚಿ ಬಡಾವಣೆಯಲ್ಲಿ ಬೀದಿಗೊಬ್ಬಳಾದರೂ ಬಸ್‌ಗುಲ್ ಇರುತ್ತಾಳೆ. ತಲೆ ತಗ್ಗಿಸಿಕೊಂಡು ಕೆಲಸ ಮಾಡುತ್ತಾಳೆ. ನಮ್ಮ ಬೀದಿಯವಳು ಮಾತ್ರ ತಲೆ ತಗ್ಗಿಸಿದ್ದು ಎದುರಾಳಿಯ ಗುದ್ದು ತಪ್ಪಿಸಿಕೊಳ್ಳಲಿಕ್ಕೆ.

ನಾನು ಅವಳ ಚಿಕ್ಕಪ್ಪನ ಮಗಳು, ಸಬೂರಾ. ಒಂದೇ ಮಗ್ಗದ ಮುಂದೆ ಕೂತು ರತ್ನಗಂಬಳಿ ನೇಯುತ್ತಾ ಬೆಳೆದವರು ನಾವು. ಗಂಟುಗಳನ್ನು ಕೂರಿಸಲು ಕಬ್ಬಿಣದ ಬಾಚಣಿಗೆಯಿಂದ ಬಡಿಯಬೇಕು. ಏಳನೇ ವಯಸ್ಸಿನಿಂದ ಬಡಿದೂ ಬಡಿದೂ ಅವಳ ಮುಂಗೈ ಗಟ್ಟಿಯಾಗಿತ್ತು. ಹದಿನಾರರಲ್ಲಿ ಉಣ್ಣೆ ತರಲು ಗೋದಾಮಿಗೆ ಹೋದಾಗ, ಅಲ್ಲಿನ ನೆಲಮಾಳಿಗೆಯಲ್ಲಿ ಹುಡುಗರು ನೇತುಹಾಕಿದ ಮೂಟೆಗೆ ಗುದ್ದುತ್ತಿದ್ದುದನ್ನು ಕಂಡು ನಿಂತುಬಿಟ್ಟಳು. ಕಲಿಸುತ್ತಿದ್ದವರು ಉಸ್ತಾದ್ ಸರ್ವರ್, ಒಂದು ಕಿವಿ ಕೇಳಿಸದ ಹಳೆಯ ಬಾಕ್ಸರ್.

"ಏನಮ್ಮಾ, ದಾರಿ ತಪ್ಪಿತಾ?"

"ಇಲ್ಲ. ಒಂದ್ಸಲ ಹೊಡೀಲಾ?"

ಹುಡುಗರು ಬಿದ್ದುಬಿದ್ದು ನಕ್ಕರು. ಅವಳು ಹೊಡೆದಳು. ಪವಾಡವೇನೂ ನಡೆಯಲಿಲ್ಲ, ಅವಳ ಹೆಬ್ಬೆರಳು ಉಳುಕಿತು, ಅಷ್ಟೇ. ಆದರೆ ಅವಳು ಮತ್ತೆ ಹೊಡೆದಳು, ಅದೇ ಕೈಯಲ್ಲಿ.

"ಹೆಬ್ಬೆರಳು ಮುಷ್ಟಿಯೊಳಗೆ ಇಡಬಾರ್ದು, ಹೊರಗಿರ್ಬೇಕು," ಎಂದರು ಉಸ್ತಾದ್. "ನಾಳೆ ಬಾ. ಒಬ್ಬಳೇ ಬರಬೇಡ."

ಜೊತೆಗೆ ಹೋದವಳು ನಾನು. ಮನೆಯಲ್ಲಿ ಹೊಲಿಗೆ ತರಗತಿ ಎಂದೆವು. ಮೂರು ತಿಂಗಳು ನಡೆಯಿತು. ಒಂದು ದಿನ ಅವಳ ಕಣ್ಣ ಕೆಳಗೆ ಕಪ್ಪುಗಟ್ಟಿತು. ಅವಳಪ್ಪ ಚಮನ್ ಅಲಿ ಅಂಗಳದಲ್ಲಿ ಸೈಕಲ್ ಟ್ಯೂಬಿಗೆ ತೇಪೆ ಹಾಕುತ್ತಾ ತಲೆಯೆತ್ತಿ ನೋಡಿದ.

"ಯಾವ ಹೊಲಿಗೆ ಯಂತ್ರನೇ ಅದು, ಕಣ್ಣಿಗೆ ಒದೆಯೋದು?"

ಅವಳು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಅವನು ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕೇಳಿದ: "ಎದುರಿನವಳಿಗೆ ಏಟು ಬಿತ್ತಾ?"

"ಎದುರಿನವಳು ಇವಳೇ. ತುಟಿ ನೋಡಿ."

ಅವನು ನನ್ನ ಊದಿದ ತುಟಿ ನೋಡಿದ, ಮತ್ತೆ ಟ್ಯೂಬಿಗೆ ಗಾಳಿ ಹೊಡೆಯತೊಡಗಿದ. ಬೇಡ ಎನ್ನಲಿಲ್ಲ.

ಬೇಡ ಎನ್ನಲು ಬೀದಿಯಿತ್ತು. ಮುಂದಿನ ವರ್ಷ ಒಂದು ಶುಕ್ರವಾರ ಹಾಜಿ ನವ್ರೋಜ್ ನಾಲ್ಕು ಜನರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದರು. "ಚಮನ್ ಅಲಿ, ನಿನ್ನ ಮಗಳು ಬೀದಿ ಮರ್ಯಾದೆ ತೆಗೀತಿದಾಳೆ. ಹೆಣ್ಣು ಹೆಂಗಸು ಕೈಯೆತ್ತೋದು ಅಂದ್ರೇನಯ್ಯಾ?"

"ಅವಳನ್ನೇ ಕೇಳಿ, ಒಳಗಿದಾಳೆ," ಎಂದ ಅವನು.

ಬಸ್‌ಗುಲ್ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹಾಜಿ ಸಾಹೇಬ್ರೇ, ಕಣದ ಹೊರಗೆ ನಾನು ಇವತ್ತಿನವರೆಗೂ ಯಾರಿಗೂ ಹೊಡೆದಿಲ್ಲ. ನಿಮ್ಮ ಮಗನ ಬಗ್ಗೆ ಇದೇ ಮಾತು ಹೇಳ್ತೀರಾ?"

ಹಾಜಿಯ ಸೊಸೆಯ ಅಳು ರಾತ್ರಿಗಳಲ್ಲಿ ಬೀದಿಗೆಲ್ಲ ಕೇಳಿಸುತ್ತಿತ್ತು. ಬಂದವರಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬನಿಗೆ ಏನೋ ಕೆಲಸ ನೆನಪಾಯಿತು. ಅವರು ಹೋದ ಮೇಲೆ ಅವಳಮ್ಮ ಗೋಡೆ ಹಿಡಿದು ಕೂತು, "ನಿನ್ನ ನಾಲಿಗೆಗೂ ಒಂದು ಕೈಗವಸು ಹೊಲಿಸಬೇಕು ಕಣೇ," ಎಂದಳು.

ಇಪ್ಪತ್ತರಲ್ಲಿ ಅವಳು ಕಜಾಕ್ ದೇಶದ ಅಲ್ಮಾಟಿಗೆ ಪಂದ್ಯಕ್ಕೆ ಹೋದಳು. ನಮ್ಮ ನೆಲಮಾಳಿಗೆಯಿಂದ ಹೊರದೇಶದ ಕಣಕ್ಕೆ ಇಳಿದ ಮೊದಲ ಹುಡುಗಿ ಅವಳೇ. ಅಲ್ಲಿನ ಹುಡುಗಿಯ ಬಲಗೈ ಎರಡನೇ ಸುತ್ತಿನಲ್ಲಿ ಅವಳ ಮೂಗು ಮುರಿಯಿತು. ತೀರ್ಪುಗಾರ ಪಂದ್ಯ ನಿಲ್ಲಿಸಿದ. ಬಸ್‌ಗುಲ್ ಅವನ ತೋಳು ಹಿಡಿದುಕೊಂಡಳು: "ನಾನು ನಿಂತೇ ಇದ್ದೆನಲ್ಲ! ಯಾಕೆ ನಿಲ್ಲಿಸಿದ್ರಿ?" ಅವನಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಅವನ ಬಿಳಿ ಅಂಗಿಯ ಮೇಲೆಲ್ಲ ಇವಳ ರಕ್ತ. ಉಸ್ತಾದ್ ಎಳೆದುಕೊಂಡು ಬರಬೇಕಾಯಿತು.

ಊರಿಗೆ ಬಂದಾಗ ಅವಳ ಸೋದರತ್ತೆ ಗಲ್ಲ ಹಿಡಿದು ತಿರುಗಿಸಿ ನೋಡಿದಳು. "ಈ ಸೊಟ್ಟ ಮೂಗನ್ನ ಇನ್ನು ಯಾವನೇ ಕಟ್ಕೊಳ್ತಾನೆ?"

"ಹೆದರದೋನು ಕಟ್ಕೊಳ್ತಾನೆ ಅತ್ತೆ. ಹೆದರೋನು ನನಗೆ ಬೇಡ."

ಯಾರೂ ಬರಲಿಲ್ಲ. ಅವಳು ಕಾದು ಕೂರಲೂ ಇಲ್ಲ. ಎರಡು ವರ್ಷದ ನಂತರ ಇನ್ನೊಂದು ಊರಿನ ಪಂದ್ಯದಿಂದ ಕಂಚಿನ ಪದಕ ತಂದಳು. ನೆಲಮಾಳಿಗೆಯಲ್ಲಿ ಹುಡುಗಿಯರು ಹನ್ನೊಂದಾದರು. ಆಗ ಗೋದಾಮಿನ ಬಾಗಿಲಡಿ ಹೆಸರಿಲ್ಲದ ಪತ್ರ ಬಂತು: ನಿಲ್ಲಿಸದಿದ್ದರೆ ಕೊಲ್ಲುತ್ತೇವೆ ಎಂದು. ನಾನು ಹೆದರಿ ಎರಡು ವಾರ ಹೋಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬಸ್‌ಗುಲ್ ಅದೇ ಕಾಗದದ ಹಿಂಬದಿಯಲ್ಲಿ ಬರೆದು ಬಾಗಿಲ ಹೊರಗೆ ಅಂಟಿಸಿದಳು: ‘ಅಭ್ಯಾಸ ಸಂಜೆ ನಾಲ್ಕಕ್ಕೆ. ಪತ್ರ ಬರೆದವರು ತಮ್ಮ ಅಕ್ಕತಂಗಿಯರನ್ನು ಕಳಿಸಬಹುದು.’

ಆಮೇಲೆ ಬಂದೂಕಿನವರು ಕಾಬೂಲು ಹಿಡಿದು ಸರ್ಕಾರ ಬಿದ್ದ ಆಗಸ್ಟ್ ಬಂತು. ಉಸ್ತಾದ್ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ನೆಲಮಾಳಿಗೆಗೆ ಬೀಗ ಬಿತ್ತು. ಮನೆ ಶೋಧಿಸಲು ಬಂದರೆ ಸಿಗಬಾರದೆಂದು ಅವಳಮ್ಮ ಪ್ರಮಾಣಪತ್ರಗಳನ್ನೂ ಪಟಗಳನ್ನೂ ತಂದೂರಿಗೆ ಹಾಕಿದಳು, ಬಸ್‌ಗುಲ್ ತಡೆಯಲಿಲ್ಲ. ಒಂದೊಂದೇ ಎತ್ತಿ ತಾನೇ ಕೊಟ್ಟಳು. ಆ ವಾರ ನಾವು ಬಸ್ಸಿನಲ್ಲಿ ಹೋಗುವಾಗ ತಪಾಸಣೆಗೆ ತಡೆದ ಹೊಸ ಆಡಳಿತದ ಕಾವಲುಗಾರನೊಬ್ಬ ಟಾರ್ಚು ಬಿಟ್ಟು ಅವಳ ಮುಖ ನೋಡಿದ.

"ಮೂಗಿಗೆ ಏನಾಯ್ತು?"

ಮೆಟ್ಟಿಲಿಂದ ಬಿದ್ದೆ ಎನ್ನು ತಾಯಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಬಾಕ್ಸಿಂಗ್ ಆಡ್ತಿದ್ದೆ," ಎಂದಳು ಅವಳು.

ಅವನು ಒಂದು ಕ್ಷಣ ದಿಟ್ಟಿಸಿದ. ಆಮೇಲೆ ಗೊಳ್ಳೆಂದು ನಕ್ಕು ಬಸ್ಸಿನ ಬಾಗಿಲು ಬಡಿದು ಚಾಲಕನಿಗೆ ಕೂಗಿದ: "ಹೋಗು ಹೋಗು, ಈ ಹುಚ್ಚಿಯನ್ನ ಕರ್ಕೊಂಡು ಹೋಗು!"

ಹೊರದೇಶದ ಒಂದು ಸಂಘ ಅವಳನ್ನು ಕರೆಸಿಕೊಳ್ಳುತ್ತೇನೆಂದಿತು. "ಹನ್ನೊಂದು ಜನಕ್ಕೂ ಜಾಗ ಇದೆಯಾ ಕೇಳು," ಎಂದಳು ನನಗೆ. ಒಬ್ಬಳಿಗೇ ಇತ್ತು. ಅವಳು ಉಳಿದಳು. ಅಷ್ಟರಲ್ಲಿ ಮದುವೆಯಾಗಿದ್ದ ನಾನು ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಕ್ವೆಟ್ಟಾಗೆ ಬಂದುಬಿಟ್ಟೆ.

ಈಗ ಅವಳು ಮನೆಯಲ್ಲೇ ಹುಡುಗಿಯರಿಗೆ ನೇಯ್ಗೆ ಕಲಿಸುತ್ತಾಳೆ. ಕೇಳಿದವರಿಗೆ ಹಾಗೆ ಹೇಳುತ್ತೇವೆ. ಹೋದ ವಾರ ಫೋನು ಮಾಡಿದಾಗ ಏದುಸಿರು ಬಿಡುತ್ತಿದ್ದಳು.

"ಏನೇ ಇದು?"

"ಆಮೇಲೆ ಮಾಡು ಸಬೂರಾ. ಇಲ್ಲಿ ಮುಖ ಕಾಯೋ ಎಡಗೈನ ಕೆಳಗೆ ಬಿಡೋರು ನಾಲ್ಕು ಜನ ಇದಾರೆ."

ಹಿಂದೆ ಯಾವುದೋ ಮಗುವಿನ ದನಿ ಹದಿನೇಳು, ಹದಿನೆಂಟು ಎಂದು ಎಣಿಸುತ್ತಿತ್ತು. ಅವಳು ಫೋನಿಟ್ಟಳು.