ಸಾಬಣ್ಣನ ಬೆಲ್ಲದ ಸೈನ್ಯ

"ನಾ ಅಂಟಿಸಿದ ಕೈ ಯಮ ಬಂದು ಜಗ್ಗಿದ್ರೂ ಬರಂಗಿಲ್ರೀ ಸರ! ಬಂದ್ರ ಯಮನ ಕೈನ ಕಿತ್ತು ಬರಬೇಕು!"

ಹೀಗೆ ಎದೆ ತಟ್ಟಿಕೊಂಡವನು ಮಾನ್ವಿಯ ಸಾಬಣ್ಣ. ಲಾರಿಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಅವನು ಲಾರಿಗಳ ಬೆನ್ನಿಗೆ ಬರೆದ ನವಿಲುಗಳೆಲ್ಲ ಒಮ್ಮೆ ಎದ್ದು ಹಾರಿದ್ದರೆ ರಾಯಚೂರು ಜಿಲ್ಲೆಗೆ ವಾರಗಟ್ಟಲೆ ಸೂರ್ಯ ಕಾಣುತ್ತಿರಲಿಲ್ಲ. ಆದರೂ ಊರಿಗೆ ಅವನು ಬರೀ 'ಲಾರಿ ಸಾಬಣ್ಣ'. ಈ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನ ಮುಖ ಹಾಗಲಕಾಯಿ ಕಡಿದಂತಾಗುತ್ತಿತ್ತು.

೧೯೭೯ರಲ್ಲಿ ನಮ್ಮ ಶಾಲೆಯ ಹೆಡ್‌ಮಾಸ್ತರ ಮಾಳಿಂಗಪ್ಪನವರಿಗೆ ಒಂದು ಹುಚ್ಚು ಹತ್ತಿತು. ರಾಯಚೂರಿನಲ್ಲಿ ನಡೆಯುವ ವಸ್ತುಪ್ರದರ್ಶನದಲ್ಲಿ, ಅಲ್ಲಿನ ಕೋಟೆಗಾಗಿ ಬಿಜಾಪುರದ ಸೈನ್ಯದೊಡನೆ ನಡೆದ ಹಳೆಯ ಕಾಳಗವನ್ನು ಮೇಜಿನ ಮೇಲೆ ಆಡಿಸಿ ತೋರಿಸಬೇಕು. ಹೆಬ್ಬೆರಳಿನಷ್ಟೇ ಎತ್ತರದ ಮಣ್ಣಿನ ಸಿಪಾಯಿಗಳನ್ನು ಕೋಲಿನಿಂದ ಮುಂದೆ ತಳ್ಳುತ್ತ ಕಾಳಗದ ಕಥೆ ಹೇಳಬೇಕು. ಗೊಂಬೆ ಮಾಡುವ ಕೆಲಸ ಸಾಬಣ್ಣನಿಗೆ ಬಂತು. ಅವನು ಕೂಲಿಯ ಮಾತೇ ಎತ್ತಲಿಲ್ಲ. ಮೇಜಿನ ಮುಂದೆ 'ಕಲಾವಿದ ಸಾಬಣ್ಣ, ಮಾನ್ವಿ' ಎಂಬ ಫಲಕ ಇಟ್ಟರೆ ಸಾಕು ಎಂದ.

"ಇಡ್ತೀನಿ," ಎಂದರು ಮಾಳಿಂಗಪ್ಪ. "ಆದ್ರ ಪ್ರದರ್ಶನಕ್ಕ ಬರೂ ಮುಖ್ಯ ಅತಿಥಿ ನೋಡಿ ಹೋಗೂ ತನಕ ಒಬ್ಬ ಸಿಪಾಯಿನೂ ಕೆಡಬಾರದು."

ಮೇಲ್ವಿಚಾರಣೆ ಡ್ರಾಯಿಂಗ್ ಮಾಸ್ತರನಾದ ನನ್ನ ಕೊರಳಿಗೆ ಬಿತ್ತು. ಆ ವರ್ಷ ಉದುರಿದ ನನ್ನ ಕೂದಲಿನಲ್ಲಿ ಒಂದು ಜೋಡಿ ಹಾಸಿಗೆ ತುಂಬಬಹುದಿತ್ತು.

ಸಾಬಣ್ಣ ದೇವಸುಗೂರಿನ ಹೊಳೆದಂಡೆಯ ಮಣ್ಣೇ ಬೇಕೆಂದ. ತರಿಸಿಕೊಟ್ಟರೆ, ಮಣ್ಣು ಹದಕ್ಕೆ ಬರಲಿ ಎಂದು ಅದರ ಪಕ್ಕದಲ್ಲೇ ಮಲಗಿಬಿಟ್ಟ. ಅಂತೂ ಎದ್ದು ಮುಂಡ, ತಲೆ, ಕೈ ಬೇರೆಬೇರೆ ಮಾಡಿ ನೆರಳಿನಲ್ಲಿ ಒಣಗಿಸಿದ. ಕಸಬರಿಗೆ ಕಡ್ಡಿಗಳು ಭರ್ಜಿಯಾದವು. ಮೊದಲು ಸುಣ್ಣದ ತೆಳು ಲೇಪ, ಅದು ಒಣಗಿದ ಮೇಲೆ ಬಣ್ಣ, ಎಲ್ಲ ಮುಗಿದ ಮೇಲೆ ಕಣ್ಣು. ಕಣ್ಣಿಗೆ ಮೇಕೆಮರಿಯ ಕಿವಿಯ ಕೂದಲಿನ ಕುಂಚ. ಕಣ್ಣು ಬರೆಯುವಾಗ ಅವನು ಉಸಿರು ಹಿಡಿಯುತ್ತಿದ್ದ; ನೋಡುವವರೂ ಹಿಡಿಯಬೇಕು. ಒಮ್ಮೆ ನಾನು ಕೆಮ್ಮಿದ್ದಕ್ಕೆ ಒಬ್ಬ ಸೇನಾಪತಿ ಮೆಳ್ಳಗಣ್ಣನಾಗಿ ಎರಡೂ ಸೈನ್ಯಗಳನ್ನು ಒಟ್ಟಿಗೇ ನೋಡತೊಡಗಿದ.

ಆನೆಗಳನ್ನು ನೋಡಿ ನಾನು ತಲೆ ಚಚ್ಚಿಕೊಂಡೆ. ಹಣೆಯ ಮೇಲೆ ನಿಂಬೆಕಾಯಿ, ಮೆಣಸಿನಕಾಯಿ. ಹಿಂಭಾಗದಲ್ಲಿ 'ಹಾರ್ನ್ ಹೊಡಿ'.

"ಏನೋ ಇದು? ಆನಿಗೆ ಹಾರ್ನ್ ಹೊಡಿತಾರೇನೋ?"

"ಕೈ ಓಡಿಬಿಡ್ತು ಸರ. ಇರಲಿ ಬಿಡ್ರಿ, ಹಿಂದಿನ ಆನಿ ಬಂದು ಗುದ್ದಿದ್ರ ಯಾರ ಜವಾಬ್ದಾರಿ?"

ಆನೆಗಳನ್ನು ಅಳಿಸಿ ಮತ್ತೆ ಬರೆಸಿದ್ದಾಯಿತು. ಆಮೇಲೆ ಜೋಡಣೆ. ಹುಣಸೆಬೀಜ ಬೇಯಿಸಿ ಅರೆದು ಅಂಟು ಮಾಡಿದ್ದ. ಪುಸ್ತಕ ಕಟ್ಟುವವರು ಹಾಕುವಂತೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕು, ಹುಳ ಹತ್ತುವುದಿಲ್ಲ ಎಂದೆ.

"ವಿಷ ಯಾಕ್ರೀ ಸರ? ಬೆಲ್ಲ ಹಾಕೀನಿ. ದೇವದುರ್ಗದಾಗ ನಮ್ಮ ಮಾವ ಗಚ್ಚಿಗೆ ಬೆಲ್ಲದ ನೀರು ಹಾಕಿ ಬಾವಿ ಕಟ್ಯಾನ. ಇನ್ನಾ ಒಂದು ಕಲ್ಲು ಅಲುಗಿಲ್ಲ. ಅಂಥ ಬಾವಿನ ಹಿಡಿದಿದ್ದು ಇಷ್ಟುದ್ದ ಕೈ ಹಿಡಿಯಂಗಿಲ್ಲೇನು?"

"ಬಾವಿ ಗಚ್ಚಿನಾಗ ಸುಣ್ಣ ಇರ್ತದೋ ಮಾರಾಯ!"

"ಸಿಪಾಯಿಗೂ ಸುಣ್ಣ ಹೊಡದೀನಲ್ರೀ!"

ಯಮ ಜಗ್ಗಿದರೂ ಬಾರದ ಕೈಗಳ ಮಾತು ಅವನು ಆಡಿದ್ದು ಆಗಲೇ.

ಮಾನ್ವಿಯಿಂದ ರಾಯಚೂರಿನ ತನಕ ಬಸ್ಸಿನಲ್ಲಿ ಸಾಬಣ್ಣ ಸೈನ್ಯದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಗ್ಗು ಬಂದಾಗಲೆಲ್ಲ ಡ್ರೈವರನಿಗೆ ಬೈದ. ಸಂಜೆ ಸೈನ್ಯ ಮೇಜಿನ ಮೇಲೆ ನಿಂತಿತು. ಒಂದು ಕೈಯೂ ಅಲುಗಿರಲಿಲ್ಲ. ಮಾಳಿಂಗಪ್ಪನವರು ತಾವೇ ಫಲಕ ತಂದಿಟ್ಟರು. ಸಾಬಣ್ಣ ಅದನ್ನು ಅಂಗಿಯ ತುದಿಯಿಂದ ಒರೆಸಿ ಒರೆಸಿ ಅಕ್ಷರ ಸವೆಸುವುದೊಂದು ಬಾಕಿ.

ಬೆಳಿಗ್ಗೆ ಬಾಗಿಲು ತೆರೆದರೆ ಮೇಜಿನ ಮೇಲೆ ಮೂರನೆಯ ಸೈನ್ಯವೊಂದು ಬಂದಿಳಿದಿತ್ತು. ಕೆಂಪಿರುವೆ! ಅವುಗಳಿಗೆ ಈ ಕಡೆ, ಆ ಕಡೆ ಎಂಬ ಭೇದವಿರಲಿಲ್ಲ. ಬೆಲ್ಲ ಎರಡೂ ಕಡೆ ಇತ್ತು. ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ಅತಿಥಿ ಎದುರಿಗೇ ಬಂದು ನಿಂತರು. ಮಾಳಿಂಗಪ್ಪ ಕೋಲೆತ್ತಿ ಒಬ್ಬ ಸವಾರನನ್ನು ಮುಟ್ಟಿದರು. ಅವನ ಕೈ ಭರ್ಜಿಸಮೇತ ಬಿತ್ತು. ಎತ್ತಲು ಹೋದರೆ ಪಕ್ಕದವನ ತಲೆ ಉರುಳಿತು. ಆಮೇಲೆ ಯಾರೂ ಮುಟ್ಟಬೇಕಾಗಿಯೂ ಇರಲಿಲ್ಲ. ಸಾಲುಸಾಲಾಗಿ ಕೈಗಳು ಉದುರಿದವು. ನಾಲ್ಕು ಇರುವೆಗಳು ಕತ್ತಿ ಹಿಡಿದ ಒಂದು ಕೈಯನ್ನು ಹೊತ್ತುಕೊಂಡು ಬಿಜಾಪುರದ ದಿಕ್ಕಿಗೆ ಹೊರಟಿದ್ದನ್ನು ನಾನು ಕಣ್ಣಾರೆ ಕಂಡೆ.

"ಇದ್ರಾಗ ಗೆದ್ದವರು ಯಾರ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅತಿಥಿ ಮುಂದಿನ ಮೇಜಿಗೆ ನಡೆದರು.

ಮಾಳಿಂಗಪ್ಪ ಫಲಕವನ್ನು ಕಿತ್ತು ಕಂಕುಳಲ್ಲಿ ಒತ್ತಿಕೊಂಡರು. "ಯಮ ಜಗ್ಗಿದ್ರೂ ಬರಂಗಿಲ್ಲ ಅಂದಿದ್ದೆಲ್ಲೋ! ಇರುವಿ ಜಗ್ಗಿದ್ರ ಬಂತಲ್ಲೋ! ಕಲಾವಿದ ಅಂತ ಕಲಾವಿದ! ಹೋಗು, ಲಾರಿಗೆ ಬಣ್ಣ ಹೊಡಿ ಹೋಗು!"

ಸಾಬಣ್ಣ ತಲೆ ತಗ್ಗಿಸಿ ಮೇಜನ್ನು ನೋಡಿದ. ಉರುಳಿದ ತಲೆಗಳು, ಕೈಯಿಲ್ಲದ ಸವಾರರು, ಕಾಲು ಮೇಲಾಗಿ ಬಿದ್ದ ಕುದುರೆಗಳು. ನಡುವೆ ಮೆಳ್ಳಗಣ್ಣಿನ ಸೇನಾಪತಿಯೊಬ್ಬನೇ ನೆಟ್ಟಗೆ ನಿಂತಿದ್ದ. ಆಮೇಲೆ ಮೆಲ್ಲಗೆ ಕೈ ಚಾಚಿದ.

"ನೀವು ಕಾಳಗ ಮಾಡಿಕೊಡು ಅಂದ್ರಿ, ಮಾಡಿಕೊಟ್ಟೀನಿ. ಎಲ್ಲಾರ ಕೈಕಾಲು ನೆಟ್ಟಗ ಇರಬೇಕಂದ್ರ ಲಗ್ನದ ಮೆರವಣಿಗಿ ಮಾಡು ಅಂತ ಮೊದಲ ಹೇಳಬೇಕಿತ್ರೀ. ಕೊಡ್ರಿ ಇತ್ತ ಫಲಕ!"